ಎನಮ್ ವ್ಯಾಲ್ಯೂಗೆ ಜನರಿಗೆ ತಿಳಿಯೋ ಹೆಸರು ತೋರ್ಸೂದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಅಡಿಕೆ ವಖಾರಿಗೆ, ಸೊಸೈಟಿಗೆ, ಘಟ್ಟದ ಕೆಳಗೆ ಅಂಕೋಲಾ ಕಾರವಾರದಲ್ಲಿ ಮೀನಿನ ಲೆಕ್ಕಕ್ಕೆ ಅಂತ ಸಣ್ಣಪುಟ್ಟ ಸಾಫ್ಟ್‌ವೇರ್ ಬರಿಯೋ ಹುಡುಗ್ರು ಈಗ ಸುಮಾರು ಜನ ಇದ್ದಾರೆ. ಎಲ್ರೂ ಒಂದಲ್ಲ ಒಂದು ದಿನ ಬಂದು ನಿಲ್ಲೋದು ಇದೇ ಜಾಗದಲ್ಲಿ, ಕೋಡಲ್ಲಿ ಎನಮ್ (ಮೊದಲೇ ಗಟ್ಟಿ ಮಾಡಿಟ್ಟ ಹೆಸರುಗಳ ಪಟ್ಟಿ, ಅದ್ರಲ್ಲಿ ಒಂದೊಂದು ಹೆಸರೂ ಒಂದು ವ್ಯಾಲ್ಯೂ, ಮೆಂಬರ್ ಅಂತಲೂ ಹೇಳ್ತಾರೆ) ಚೆಂದ ಇದೆ, ಸ್ಕ್ರೀನಲ್ಲಿ ನೋಡಿದ್ರೆ ಗಿರಾಕಿ ಮುಖ ಕಿವುಚ್ತಾನೆ. ಬಂದ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ಹಾಕಿದ್ದೇನೆ, ಹೆಚ್ಚಿನದು ಸಿ ಶಾರ್ಪ್ ಬಗ್ಗೆ, ಯಾಕಂದ್ರೆ ನಮ್ಮ ಕಡೆ ಬಿಲ್ಲಿಂಗ್ ಪ್ರೋಗ್ರಾಮ್ ಜಾಸ್ತಿ ಅದ್ರಲ್ಲೇ ಬರೀತಾರೆ, ಬೇರೆ ಭಾಷೆದೂ ನಡುನಡುವೆ ಬರ್ತದೆ.

ಎನಮ್ ಹೆಸರನ್ನೇ ಸ್ಕ್ರೀನ್ ಮೇಲೆ ತೋರ್ಸಿದ್ರೆ ಎಂತ ತೊಂದ್ರೆ?

ಶಿರಸಿ ಮಾರ್ಕೆಟ್ ಅಡಿಕೆಯ ಗ್ರೇಡೇ ತಗೊಳ್ಳಿ. ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ. ಇಷ್ಟೇ ಪಟ್ಟಿ, ದಿನಾ ಬದಲಾಗೂದಿಲ್ಲ, ಹಾಗಾಗಿ ಎನಮ್ ಮಾಡೂದು ಸರಿ, ಸ್ಪೆಲ್ಲಿಂಗ್ ತಪ್ಪಿದ್ರೆ ಕಂಪೈಲರ್ರೇ ಹಿಡೀತದೆ. ಆದ್ರೆ ಎನಮ್ ಹೆಸರು ಇರೋದು ಪ್ರೋಗ್ರಾಮರ್ ಸಲುವಾಗಿ, ಅದ್ರಲ್ಲಿ ಸ್ಪೇಸ್ ಹಾಕೂಕೆ ಆಗೂದಿಲ್ಲ, ಹೈಫನ್ ಆಗೂದಿಲ್ಲ, ಸ್ಲ್ಯಾಶ್ ಆಗೂದಿಲ್ಲ. ಅಡಿಕೆ ಹೆಸರು ಒಂದೊಂದೇ ಪದ ಆದ್ದರಿಂದ ಹೇಗೋ ದಾಟ್ತದೆ, ಆದ್ರೆ ಬಿಲ್ ಸ್ಟೇಟಸ್ "ಪೆಂಡಿಂಗ್ ಅಂಡರ್‌ಸ್ಕೋರ್ ಅಪ್ರೂವಲ್" ಅಂತ ಎಲ್ಲ ಕ್ಯಾಪಿಟಲ್ ಇಂಗ್ಲಿಷಲ್ಲಿ ಬಂದ್ರೆ ವಖಾರಿಯಲ್ಲಿ ಲೆಕ್ಕ ಬರಿಯೋ ರೈಟರಿಗೆ ಎಂತ ಅರ್ಥ ಆಗ್ಬೇಕು? ಅವ್ರಿಗೆ ಬೇಕಾದ್ದು "ಒಪ್ಪಿಗೆ ಬಾಕಿ" ಅಂತ ಎರಡು ಪದ.

ಈ ಪೇಜಿಗೆಲ್ಲ ಬುಡ ಇದು: ಕೋಡ್ ಒಳಗಿನ ಹೆಸರು ಬೇರೆ, ಜನ ಓದೋ ಹೆಸರು ಬೇರೆ, ಎರಡನ್ನೂ ಬೇರೆ ಬೇರೆ ಇಡಿ, ಜನರ ಹೆಸರು ಸ್ಕ್ರೀನಿಗೆ ಅಥವಾ ಪೇಪರಿಗೆ ಹೋಗೋ ಕೊನೇ ಗಳಿಗೆಯಲ್ಲಿ ಮಾತ್ರ ಬರ್ಲಿ.

ಹಾಗಾದ್ರೆ ಎನಮ್ಮನ್ನೇ ಕನ್ನಡದಲ್ಲಿ ಬರೆದ್ಬಿಟ್ರೆ?

ಆಗ್ತದೆ, ಸುಳ್ಳಲ್ಲ. ಸಿ ಶಾರ್ಪ್, ಜಾವಾ, ಪೈಥಾನ್ 3 ಮೂರರಲ್ಲೂ ಕನ್ನಡ ಅಕ್ಷರದ ಐಡೆಂಟಿಫೈಯರ್ (ಕೋಡಲ್ಲಿ ನಾವು ಇಡೋ ಹೆಸರು) ನಡೀತದೆ, ಕೊಂಬು ಗುಣಿತ ಒತ್ತು ಎಲ್ಲ ಸೇರಿ. ಆದ್ರೆ ಸ್ಪೇಸ್ ಸಮಸ್ಯೆ ಅಲ್ಲೇ ಇದೆ. ಇನ್ನೊಂದು, ಕನ್ನಡದಲ್ಲಿ ಅರ್ಧಾಕ್ಷರ ಬಿಡಿಸಿ ತೋರ್ಸೂಕೆ ಕೆಲವು ಪದದ ಮಧ್ಯ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಕೂತಿರ್ತದೆ, ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ, ಪೈಥಾನ್ ಅದನ್ನ ಐಡೆಂಟಿಫೈಯರ್ ಒಳಗೆ ಬಿಡೂದಿಲ್ಲ, ಸಿಂಟ್ಯಾಕ್ಸ್ ಎರರ್ ಕೊಡ್ತದೆ, ನೀವು ಆ ಲೈನನ್ನ ಎಷ್ಟು ದಿಟ್ಟಿಸಿದ್ರೂ ತಪ್ಪು ಕಾಣೂದಿಲ್ಲ. ಅದೂ ಹೋಗ್ಲಿ ಅಂದ್ರೆ, ನಾಳೆ ಗಿರಾಕಿ "ಈ ಹೆಸರು ಬೇಡ, ಹಾಗೆ ಬರೀರಿ" ಅಂದ್ರೆ ಕೋಡ್ ತುಂಬ ರಿನೇಮ್ ಮಾಡ್ಬೇಕು. ಕಲಿಯೂಕೆ ಮಾಡಿ ನೋಡಿ, ಗಿರಾಕಿಗೆ ಕೊಡೋ ಕೋಡಲ್ಲಿ ಬೇಡ.

ಕ್ಯಾಮೆಲ್ ಕೇಸ್ ಒಡೆದು ಮಧ್ಯ ಸ್ಪೇಸ್ ಹಾಕೋ ಫಂಕ್ಷನ್ ಸಾಕಲ್ವಾ?

ಕ್ಯಾಮೆಲ್ ಕೇಸ್ ಅಂದ್ರೆ ಪದಗಳನ್ನ ಸ್ಪೇಸ್ ಇಲ್ದೇ ಸೇರ್ಸಿ ಹೊಸ ಪದದ ಮೊದಲಕ್ಷರ ಕ್ಯಾಪಿಟಲ್ ಮಾಡೂದು. ಅದನ್ನ ಒಡೆಯೂದು ಅಡ್ಮಿನ್ ಪೇಜಿಗೆ, ನೀವೊಬ್ರೇ ನೋಡೋ ಸ್ಕ್ರೀನಿಗೆ ಸಾಕು. ಎಪಿಎಂಸಿ ಥರದ ಶಾರ್ಟ್‌ಫಾರ್ಮ್ ಬಂದ ಕೂಡ್ಲೆ ಒಂದೊಂದು ಅಕ್ಷರ ಬಿಡಿಬಿಡಿ ಆಗಿ ಕೂತ್ಕೊಳ್ತದೆ. ಕನ್ನಡ ಬೇಕು ಅಂದ್ರಂತೂ ಉಪಯೋಗಕ್ಕಿಲ್ಲ.

ಸಿ ಶಾರ್ಪಲ್ಲಿ ಡಿಸ್ಕ್ರಿಪ್ಶನ್ ಆಟ್ರಿಬ್ಯೂಟ್ ಹಾಕ್ಬೇಕೋ ಡಿಸ್‌ಪ್ಲೇ ಆಟ್ರಿಬ್ಯೂಟ್ ಹಾಕ್ಬೇಕೋ?

ಎರಡೂ ಎನಮ್ ಮೆಂಬರ್ ತಲೆ ಮೇಲೆ ಅಂಟಿಸೋ ಚೀಟಿನೇ. ಡಿಸ್ಕ್ರಿಪ್ಶನ್ ಹಳೇದು, ಸಿಸ್ಟಮ್ ಡಾಟ್ ಕಾಂಪೋನೆಂಟ್‌ಮಾಡೆಲ್ ಒಳಗೆ ಇದೆ, ಒಂದೇ ಸ್ಟ್ರಿಂಗ್ ಹಿಡೀತದೆ, ಒಂದೇ ಭಾಷೆಯ ಪ್ರೋಗ್ರಾಮಿಗೆ ಧಾರಾಳ ಆಯ್ತು. ಡಿಸ್‌ಪ್ಲೇ ಇರೋದು ಡೇಟಾ ಅನೊಟೇಶನ್ಸ್ ಒಳಗೆ, ಅದಕ್ಕೆ ಹೆಸರು, ಶಾರ್ಟ್ ಹೆಸರು, ಆರ್ಡರ್, ಜೊತೆಗೆ ರಿಸೋರ್ಸ್ ಟೈಪ್ (ಅನುವಾದ ಇಟ್ಟ ರಿಸೋರ್ಸ್ ಫೈಲ್ ಯಾವ್ದು ಅಂತ ಹೇಳೂದು) ಎಲ್ಲ ಕೊಡ್ಬಹುದು, ಅಂದ್ರೆ ಕನ್ನಡ ಇಂಗ್ಲಿಷ್ ಎರಡೂ ಬೇಕಾದ್ರೆ ಇದೇ ಬೇಕು. ಎಎಸ್‌ಪಿ ಡಾಟ್‌ನೆಟ್ ಕೋರ್ ಎಂವಿಸಿಯಲ್ಲಿ ಎನಮ್ಮಿಂದ ಡ್ರಾಪ್‌ಡೌನ್ ಮಾಡಿಕೊಡೋ ಗೆಟ್‌ಎನಮ್‌ಸೆಲೆಕ್ಟ್‌ಲಿಸ್ಟ್ ಕೂಡ ಡಿಸ್‌ಪ್ಲೇಯನ್ನೇ ಓದ್ತದೆ.

ಇಲ್ಲಿ ಒಂದು ಗುಂಡಿ ಇದೆ. ಡಿಸ್‌ಪ್ಲೇ ಆಟ್ರಿಬ್ಯೂಟ್‌ನ ನೇಮ್ ಪ್ರಾಪರ್ಟಿಯನ್ನ ನೇರ ಓದಿದ್ರೆ ಸಿಗೋದು ರಿಸೋರ್ಸ್ ಕೀ, ಅನುವಾದ ಅಲ್ಲ. ಗೆಟ್‌ನೇಮ್ ಅನ್ನೋ ಮೆಥಡ್ ಕರೆದ್ರೆ ಮಾತ್ರ ಆಗಿನ ಭಾಷೆ ನೋಡಿ ಸರಿ ಪಠ್ಯ ತರ್ತದೆ. "ಕನ್ನಡ ಫೈಲ್ ಹಾಕಿದ್ದೇನೆ, ಆದ್ರೂ ಬರ್ತಾ ಇಲ್ಲ ಮಾರಾಯ" ಅಂತ ಯಾರಾದ್ರೂ ಫೋನ್ ಮಾಡಿದ್ರೆ ನಾನು ಮೊದಲು ಕೇಳೋದೇ ಇದನ್ನ.

ಇಂಟರ್ನೆಟ್ಟಿಂದ ತೆಗೆದ ಎಕ್ಸ್‌ಟೆನ್ಶನ್ ಮೆಥಡ್ ಕೆಲವು ಸಲ ನಲ್ ರೆಫರೆನ್ಸ್ (ಇಲ್ಲದ್ದನ್ನ ಮುಟ್ಟೂಕೆ ಹೋದ ಎರರ್) ಅಂತ ಬೀಳ್ತದೆ, ಯಾಕೆ?

ಆ ಕೋಡ್ ಏನು ಮಾಡ್ತದೆ ಅಂದ್ರೆ, ವ್ಯಾಲ್ಯೂವನ್ನ ಟುಸ್ಟ್ರಿಂಗ್ ಮಾಡಿ, ಆ ಹೆಸರಿನ ಫೀಲ್ಡ್ ಹುಡುಕಿ, ಫೀಲ್ಡ್ ಮೇಲೆ ಇರೋ ಚೀಟಿ ಓದ್ತದೆ. ಎರಡು ಕಡೆ ಇದು ಮುಗ್ಗರಿಸ್ತದೆ. ಡೇಟಾಬೇಸಿಂದ 9 ಬಂತು, ಎನಮ್ಮಲ್ಲಿ 9 ಇಲ್ಲ, ಸಿ ಶಾರ್ಪ್ ಅದಕ್ಕೇನೂ ತಕರಾರು ಮಾಡೂದಿಲ್ಲ, ಟುಸ್ಟ್ರಿಂಗ್ "9" ಅಂತಲೇ ಕೊಡ್ತದೆ, "9" ಅನ್ನೋ ಫೀಲ್ಡ್ ಎಲ್ಲಿಂದ ಬರ್ಬೇಕು? ಎರಡನೇದು ಫ್ಲ್ಯಾಗ್ಸ್ ಎನಮ್, ಅಂದ್ರೆ ಒಂದಕ್ಕಿಂತ ಹೆಚ್ಚು ವ್ಯಾಲ್ಯೂ ಒಟ್ಟಿಗೆ ಹಿಡಿಯೋದು. ರಜಾ ವಾರ ಅಂತ ಬುಧವಾರ, ಶುಕ್ರವಾರ ಎರಡೂ ಸೇರಿಸಿದ್ರೆ ಟುಸ್ಟ್ರಿಂಗ್ ಎರಡು ಹೆಸರನ್ನ ಕಾಮಾ ಹಾಕಿ ಕೊಡ್ತದೆ, ಆ ಉದ್ದ ಹೆಸರಿನ ಫೀಲ್ಡೂ ಇಲ್ಲ. ಫೀಲ್ಡ್ ಸಿಗ್ಲಿಲ್ಲ ಅಂದ್ರೆ ಎಂತ ತೋರ್ಸೂದು ಅಂತ ನೀವೇ ಬರೀರಿ, ಫ್ಲ್ಯಾಗ್ಸ್ ಆದ್ರೆ ಒಂದೊಂದು ಬಿಟ್ ಬೇರೆ ಮಾಡಿ ಒಂದೊಂದಕ್ಕೆ ಹೆಸರು ಹುಡುಕಿ ಆಮೇಲೆ ಜೋಡಿಸಿ.

ಪ್ರೋಗ್ರಾಮ್ ಓಡ್ತಾ ಇರುವಾಗ ಹೀಗೆ ಫೀಲ್ಡ್ ಹುಡುಕಿ ಚೀಟಿ ಓದೂದಕ್ಕೆ ರಿಫ್ಲೆಕ್ಷನ್ ಅಂತಾರೆ, ಅದು ಸ್ಲೋ ಅಂತ ಹೆದರ್ಸೋರು ಇದ್ದಾರೆ. ಏಳು ಥರದ ಅಡಿಕೆಗೆ ಅದು ಗೊತ್ತೇ ಆಗೂದಿಲ್ಲ, ಸಾವಿರಾರು ಸಾಲಿನ ಗ್ರಿಡ್ ಆದ್ರೆ ಒಂದು ಸಲ ಓದಿ ಡಿಕ್ಷನರಿಯಲ್ಲಿ ಇಟ್ಕೊಳ್ಳಿ, ಮುಗೀತು.

ಜಾವಾ, ಪೈಥಾನ್, ಟೈಪ್‌ಸ್ಕ್ರಿಪ್ಟ್‌ನವ್ರು ಎಂತ ಮಾಡ್ಬೇಕು?

ಜಾವಾದಲ್ಲಿ ಎನಮ್ ಬಂದಿದ್ದು 2004ರ ಜಾವಾ 5ರಲ್ಲಿ, ಬಂದಾಗಿಂದ್ಲೂ ಅದೊಂದು ಪೂರ್ತಿ ಕ್ಲಾಸ್, ಕನ್‌ಸ್ಟ್ರಕ್ಟರಲ್ಲಿ ಹೆಸರು ಕೊಟ್ಟು ಫೀಲ್ಡಲ್ಲಿ ಇಟ್ಕೊಳ್ಬಹುದು. ನೇಮ್ ಮೆಥಡ್ ಫೈನಲ್, ಬದಲಿಸೂಕೆ ಬರೂದಿಲ್ಲ, ಟುಸ್ಟ್ರಿಂಗ್ ಬದಲಿಸ್ಬಹುದು, ಆದ್ರೆ ನಾನು ಟುಸ್ಟ್ರಿಂಗನ್ನ ಮುಟ್ಟೂದಿಲ್ಲ, ಲಾಗ್ ಫೈಲಲ್ಲಿ ಕನ್ನಡ ಹೆಸರು ಬಂದ್ಬಿಟ್ರೆ ಹುಡುಕೂದು ಕಷ್ಟ, ಬೇರೆ ಮೆಥಡ್ ಮಾಡಿ. ಪೈಥಾನ್‌ಗೆ ಎನಮ್ ಬಂದಿದ್ದು 3.4ರಲ್ಲಿ, 2014. ಜ್ಯಾಂಗೋ ಬಳಸೋರು ಪುಣ್ಯವಂತರು, 3.0ರಿಂದ ಟೆಕ್ಸ್ಟ್‌ಚಾಯ್ಸಸ್ ಇದೆ, ಕೋಡ್ ಮತ್ತು ಲೇಬಲ್ (ಜನ ಓದೋ ಹೆಸರು) ಅಕ್ಕಪಕ್ಕ ಬರೀಬಹುದು, ಟೆಂಪ್ಲೇಟಲ್ಲಿ ಗೆಟ್ ಇಂಥಾ ಫೀಲ್ಡ್ ಡಿಸ್‌ಪ್ಲೇ ಅಂತ ಕರೆದ್ರೆ ಲೇಬಲ್ಲೇ ಸಿಗ್ತದೆ. ಟೈಪ್‌ಸ್ಕ್ರಿಪ್ಟಲ್ಲಿ ಎನಮ್ಮನ್ನ ಕೀ ಮಾಡಿ ರೆಕಾರ್ಡ್ ಟೈಪಿನ ಒಂದು ಆಬ್ಜೆಕ್ಟ್ ಬರೀರಿ, ಒಂದು ಹೆಸರು ಬಿಟ್ರೂ ಕಂಪೈಲ್ ಆಗೂದಿಲ್ಲ, ನನಗಂತೂ ಇದು ಎಲ್ಲಕ್ಕಿಂತ ಇಷ್ಟ.

ಕನ್ನಡ, ಇಂಗ್ಲಿಷ್ ಎರಡೂ ಬೇಕು. ಹೆಸರು ಎಲ್ಲಿಡೂದು?

ರಿಸೋರ್ಸ್ ಫೈಲಲ್ಲಿ. ಕೀ ಏನು ಅಂದ್ರೆ ಎನಮ್ ಟೈಪಿನ ಹೆಸರು ಮತ್ತು ಮೆಂಬರಿನ ಹೆಸರು ಸೇರ್ಸಿ ಒಂದು, ಯಾಕಂದ್ರೆ "ಬಾಕಿ" ಅನ್ನೋದು ಬಿಲ್ಲಲ್ಲೂ ಇರ್ತದೆ, ತೂಕದಲ್ಲೂ ಇರ್ತದೆ, ಇಂಗ್ಲಿಷಲ್ಲಿ ಎರಡಕ್ಕೂ ಬೇರೆ ಪದ ಬೇಕಾಗ್ಬಹುದು. ಕನ್ನಡದ ಭಾಷಾ ಕೋಡ್ ಕೆಎನ್, ಡಾಟ್‌ನೆಟ್ ಮೊದಲು ಕೆಎನ್-ಐಎನ್ ನೋಡ್ತದೆ, ಇಲ್ದಿದ್ರೆ ಕೆಎನ್, ಅದೂ ಇಲ್ದಿದ್ರೆ ಡೀಫಾಲ್ಟ್ ಫೈಲ್. ಆಂಡ್ರಾಯ್ಡಲ್ಲಿ ಸ್ಟ್ರಿಂಗ್ಸ್ ಫೈಲನ್ನ ವ್ಯಾಲ್ಯೂಸ್-ಕೆಎನ್ ಫೋಲ್ಡರಲ್ಲಿ ಹಾಕಿದ್ರೆ ಆಯ್ತು. ಜಾವಾ 8ರಲ್ಲಿ ಪ್ರಾಪರ್ಟೀಸ್ ಫೈಲಿಗೆ ಕನ್ನಡ ನೇರ ಬರೆದ್ರೆ ಕಸ ಕಸ ಬರ್ತದೆ, ಅದು ಲ್ಯಾಟಿನ್-1 ಅಂತಲೇ ಓದ್ತಿತ್ತು, ಜಾವಾ 9ರಿಂದ ರಿಸೋರ್ಸ್ ಬಂಡಲ್‌ಗೆ ಯುಟಿಎಫ್-8 ಡೀಫಾಲ್ಟ್ ಆಗಿದೆ.

ಒಂದು ಮಾತು, ಹೆಸರಿನ ಪಟ್ಟಿಯನ್ನ ಗಿರಾಕಿ ಆಫೀಸಿನವ್ರೇ ಟೈಪ್ ಮಾಡಿ ಕೊಡ್ತಾರಲ್ಲ, ಅದು ಹಳೇ ನುಡಿ ಫಾಂಟಲ್ಲಿ ಇರೋ ಸಾಧ್ಯತೆ ಬಹಳ. ಅದು ಯೂನಿಕೋಡ್ ಅಲ್ಲ, ಕಾಪಿ ಮಾಡಿ ಹಾಕಿದ್ರೆ ಇಂಗ್ಲಿಷ್ ಅಕ್ಷರದ ಚೂರುಪಾರು ಬರ್ತದೆ, ಮೊದಲು ಕನ್ವರ್ಟ್ ಮಾಡ್ಕೊಳ್ಳಿ.

ಡೇಟಾಬೇಸಲ್ಲಿ ಎಂತ ಉಳಿಸ್ಬೇಕು, ನಂಬರೋ, ಹೆಸರೋ, ಕನ್ನಡ ಲೇಬಲ್ಲೋ?

ಲೇಬಲ್ ಮಾತ್ರ ಬೇಡ, ಯಾವತ್ತೂ ಬೇಡ. ನಮ್ಮ ಉತ್ತರ ಕನ್ನಡ ಜಿಲ್ಲೆಯದೇ ಉದಾಹರಣೆ ನೋಡಿ, ಸೂಪಾ ಅಂತ ತಾಲೂಕು ಇತ್ತು, ಕಾಳಿ ನದಿಗೆ ಅಣೆಕಟ್ಟು ಬಂದು ಸೂಪಾ ಊರೇ ಮುಳುಗ್ತು, ಈಗ ಜೋಯಿಡಾ ಅಂತಾರೆ, ಹಳಬರು ಇನ್ನೂ ಸೂಪಾ ಅಂತಲೇ ಹೇಳ್ತಾರೆ. ಪಕ್ಕದ ಬೆಳಗಾವಿ ಇಂಗ್ಲಿಷಲ್ಲಿ ಬೆಲ್‌ಗಾಂ ಇದ್ದದ್ದು 2014ರ ನವೆಂಬರ್ 1ಕ್ಕೆ ಬೆಳಗಾವಿ ಆಯ್ತು, ಬೆಂಗಳೂರು, ಹುಬ್ಬಳ್ಳಿ ಎಲ್ಲ ಅದೇ ದಿನ. ಲೇಬಲ್ಲನ್ನೇ ಟೇಬಲಲ್ಲಿ ಉಳಿಸಿದವ್ರಿಗೆ ಹಳೇ ರೆಕಾರ್ಡ್ ಒಂದು ಹೆಸರಲ್ಲಿ, ಹೊಸದು ಇನ್ನೊಂದು ಹೆಸರಲ್ಲಿ, ರಿಪೋರ್ಟ್ ತೆಗೆದ್ರೆ ಒಂದೇ ಊರು ಎರಡು ಸಾಲು. ಕೋಡ್ (ನಂಬರೋ, ಎನಮ್ ಹೆಸರೋ) ಉಳಿಸಿದವ್ರಿಗೆ ರಿಸೋರ್ಸ್ ಫೈಲಲ್ಲಿ ಒಂದು ಸಾಲು ತಿದ್ದೋ ಕೆಲ್ಸ.

ನಂಬರ್ ಉಳಿಸೋದಾದ್ರೆ ಪ್ರತಿ ಮೆಂಬರಿಗೂ ನಂಬರ್ ಕೈಯಾರೆ ಬರೀರಿ. ಬರೀದೇ ಬಿಟ್ಟು, ನಾಳೆ ಯಾರೋ ಬಂದು ಮಧ್ಯದಲ್ಲಿ ಹೊಸ ಗ್ರೇಡ್ ತುರುಕಿದ್ರೆ ಕೆಳಗಿನವೆಲ್ಲ ಒಂದೊಂದು ಮುಂದೆ ಹೋಗ್ತದೆ, ಕಳೆದ ವರ್ಷ ಬೆಟ್ಟೆ ಮಾರಿದವ್ರ ಲೆಕ್ಕ ಚಾಲಿ ಆಗಿ ಕೂತಿರ್ತದೆ. ಜಾವಾದ ಜೆಪಿಎಯಲ್ಲಿ (ಆಬ್ಜೆಕ್ಟನ್ನ ಡೇಟಾಬೇಸಲ್ಲಿ ಉಳಿಸೋ ವ್ಯವಸ್ಥೆ) ಏನೂ ಹೇಳ್ದಿದ್ರೆ ಆರ್ಡಿನಲ್, ಅಂದ್ರೆ ಸಾಲಿನ ನಂಬರನ್ನೇ ಉಳಿಸ್ತದೆ, ಅದನ್ನ ಸ್ಟ್ರಿಂಗ್ ಅಂತ ಬದಲಿಸಿ.

ಸೊನ್ನೆ ಯಾರಿಗೆ ಕೊಡೂದು?

ಯಾವ ಅಸಲಿ ಗ್ರೇಡಿಗೂ ಬೇಡ. ಸಿ ಶಾರ್ಪಲ್ಲಿ ಎನಮ್ ವೇರಿಯೇಬಲ್ಲಿಗೆ ಏನೂ ಕೊಡದೇ ಇದ್ರೆ ಸೊನ್ನೆ ಆಗ್ತದೆ, ರಾಶಿಗೆ ಸೊನ್ನೆ ಕೊಟ್ಟಿದ್ರೆ ಗ್ರೇಡ್ ಆರಿಸೂಕೆ ಮರೆತ ಬಿಲ್ಲೆಲ್ಲ ರಾಶಿ ಆಗ್ತದೆ, ರಾಶಿಗೂ ಕೋಕಾಗೂ ರೇಟಲ್ಲಿ ಎಷ್ಟು ಅಂತರ ಅಂತ ನಿಮಗೇ ಗೊತ್ತು. ಸೊನ್ನೆ "ಆರಿಸಿಲ್ಲ" ಅಂತ ಇರ್ಲಿ. ಪ್ರೋಗ್ರಾಮುಗಳ ನಡುವೆ ಡೇಟಾ ಕಳಿಸೋ ಪ್ರೋಟೊಬಫ್ 3ರಲ್ಲಂತೂ ಮೊದಲನೇ ವ್ಯಾಲ್ಯೂ ಸೊನ್ನೆನೇ ಆಗ್ಬೇಕು ಅಂತ ನಿಯಮ ಇದೆ, ಅದಕ್ಕೆ ಅನ್‌ಸ್ಪೆಸಿಫೈಡ್ ಅಂತ ಹೆಸರಿಡೂದು ರೂಢಿ. ಆದ್ರೆ ಡ್ರಾಪ್‌ಡೌನ್ ಮೇಲೆ ಕಾಣೋ "ಗ್ರೇಡ್ ಆರಿಸಿ" ಅನ್ನೋ ಸಾಲು ಸ್ಕ್ರೀನಿಂದು, ಅದನ್ನ ಎನಮ್ ಲೇಬಲ್ ಮಾಡ್ಬೇಡಿ, ಇಲ್ದಿದ್ರೆ ಪ್ರಿಂಟಾದ ರಿಪೋರ್ಟಲ್ಲಿ "ಗ್ರೇಡ್ ಆರಿಸಿ: 4 ಕ್ವಿಂಟಲ್" ಅಂತ ಬರ್ತದೆ.

ಲೇಬಲ್ ಒಂಟಿಯಾಗಿ ಸರಿ ಕಾಣ್ತದೆ, ವಾಕ್ಯದ ಒಳಗೆ ಹಾಕಿದ್ರೆ ವಿಚಿತ್ರ ಆಗ್ತದೆ. ಯಾಕೆ?

ಇದು ಕನ್ನಡದವ್ರಿಗೇ ಮೀಸಲಾದ ತಲೆನೋವು, ಇಂಗ್ಲಿಷ್ ಟ್ಯುಟೋರಿಯಲ್ ಎಷ್ಟು ನೋಡಿದ್ರೂ ಇದರ ಸುದ್ದಿ ಬರೂದಿಲ್ಲ. ಇಂಗ್ಲಿಷಲ್ಲಿ ಊರಿನ ಹೆಸರಿನ ಹಿಂದೆ "ಟು" ಅಂತ ಹಾಕಿದ್ರೆ ಮುಗೀತು, ಊರು ಯಾವ್ದಾದ್ರೂ ಸರಿ. ಅದೇ ಲೆಕ್ಕದಲ್ಲಿ ನಮ್ಮವ್ರು ಲೇಬಲ್ ಪಕ್ಕ "ಗೆ" ಅಂಟಿಸ್ತಾರೆ. ಶಿರಸಿಯಲ್ಲಿ ಕೂತು ಟೆಸ್ಟ್ ಮಾಡಿದ್ರೆ "ಶಿರಸಿಗೆ ಲೋಡ್ ಹೊರಟಿದೆ" ಅಂತ ಚೆಂದ ಬರ್ತದೆ, ಕಾರವಾರ ಆರಿಸಿದ್ರೆ "ಕಾರವಾರಗೆ" ಅಂತ ಬರ್ತದೆ. ಜಿಲ್ಲೆಯ 12 ತಾಲೂಕಲ್ಲಿ ಇಕಾರದಲ್ಲಿ ಮುಗಿಯೋದು ಶಿರಸಿ, ದಾಂಡೇಲಿ ಎರಡೇ, ಉಳಿದವೆಲ್ಲ ಕಾರವಾರಕ್ಕೆ, ಅಂಕೋಲಾಕ್ಕೆ, ಭಟ್ಕಳಕ್ಕೆ, ಸಿದ್ದಾಪುರಕ್ಕೆ ಅಂತ ಹೋಗೋವು. ಅಡಿಕೆಯಲ್ಲೂ ಹಾಗೇ, ಚಾಲಿಗೆ, ಬೆಟ್ಟೆಗೆ ಸರಿ, ಕೆಂಪುಗೋಟು ಬಂದ್ರೆ ಕೆಂಪುಗೋಟಿಗೆ ಆಗ್ಬೇಕು. "ಅನ್ನು" ಸೇರ್ಸಿದ್ರೂ ಅದೇ ಕಥೆ, ಚಾಲಿಯನ್ನು, ಕೋಕಾವನ್ನು.

ಕೊನೇ ಅಕ್ಷರ ನೋಡಿ ಪ್ರತ್ಯಯ ಜೋಡಿಸೋ ಫಂಕ್ಷನ್ ಬರೆಯೂಕೆ ಹೊರಡೋರು ಇದ್ದಾರೆ, ಸಂಧಿ ಪ್ರಕರಣ ಪೂರ್ತಿ ಕೋಡಿಗೆ ಇಳಿಸೋ ಉಮೇದು. ಹತ್ತಿಪ್ಪತ್ತು ವ್ಯಾಲ್ಯೂಗೆ ಅಷ್ಟು ಬೇಡ. ನಾನು ಹೇಳೋದು ಎರಡು ದಾರಿ. ವಾಕ್ಯವನ್ನೇ ಹೊರಳಿಸಿ, "ಲೋಡ್ ಹೊರಟಿದೆ. ಊರು: ಕಾರವಾರ" ಅಂತ ಮಾಡಿ, ಲೇಬಲ್ ಒಂಟಿಯಾಗೇ ಇರ್ತದೆ, ಯಾವ ವ್ಯಾಲ್ಯೂ ಬಂದ್ರೂ ತಪ್ಪೂದಿಲ್ಲ. ಇಲ್ಲ, ವಾಕ್ಯ ಹಾಗೇ ಬೇಕು, ಮೆಸೇಜ್ ಮನುಷ್ಯರು ಬರೆದ ಹಾಗೆ ಇರ್ಬೇಕು ಅಂದ್ರೆ, ರಿಸೋರ್ಸಲ್ಲಿ ಒಂದೊಂದು ವ್ಯಾಲ್ಯೂಗೂ ಇನ್ನೊಂದು ಕೀ ಮಾಡಿ, "ಕಾರವಾರ" ಒಂದು, "ಕಾರವಾರಕ್ಕೆ" ಇನ್ನೊಂದು. ಕೈಯಲ್ಲಿ ಟೈಪ್ ಮಾಡೂದು ಬೇಜಾರಿನ ಕೆಲ್ಸ ಹೌದು, ಆದ್ರೆ 12 ಸಾಲು ಅಷ್ಟೇ ಅಲ್ವಾ.

ಡ್ರಾಪ್‌ಡೌನಲ್ಲಿ ಯಾವ ಕ್ರಮದಲ್ಲಿ ತೋರ್ಸೂದು?

ಅಡಿಕೆ ಗ್ರೇಡಿಗೆ ಅಕಾರಾದಿ ಬೇಡ, ಮಾರ್ಕೆಟಿನ ರೇಟ್ ಪಟ್ಟಿಯಲ್ಲಿ ಹೇಗೆ ಬರ್ತದೋ ಹಾಗೇ ಇಡಿ, ರೈಟರ್ ಕಣ್ಣು ಅದಕ್ಕೇ ರೂಢಿ ಆಗಿರ್ತದೆ. ಸಿ ಶಾರ್ಪಿನ ಗೆಟ್‌ವ್ಯಾಲ್ಯೂಸ್ ನಂಬರ್ ಕ್ರಮದಲ್ಲಿ ಕೊಡ್ತದೆ, ನೀವು ಬರೆದ ಕ್ರಮದಲ್ಲಿ ಅಲ್ಲ, ಹಾಗಾಗಿ ಕ್ರಮವನ್ನ ಬೇರೆಯಾಗೇ ಬರೆದಿಡೂದು ಒಳ್ಳೇದು.

ಊರಿನ ಪಟ್ಟಿ ಉದ್ದ ಇದ್ರೆ ಅಕಾರಾದಿ ಬೇಕಾಗ್ತದೆ, ಆಗ ಲೇಬಲ್ ಮೇಲೆ ಸಾರ್ಟ್ ಮಾಡಿ, ಎನಮ್ ಹೆಸರಿನ ಮೇಲೆ ಅಲ್ಲ. ಯೂನಿಕೋಡ್ ನಂಬರ್ ಹಿಡಿದು ಸುಮ್ನೆ ಸಾರ್ಟ್ ಮಾಡಿದ್ರೆ ಕನ್ನಡ ಮುಕ್ಕಾಲು ಸರಿ ಬರ್ತದೆ, ಆದ್ರೆ ಳ ಒಂದು ಕೈ ಕೊಡ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಎಲ್ಲಕ್ಕಿಂತ ಕೊನೆಗೆ, ಯೂನಿಕೋಡಲ್ಲಿ ಅದು ಲ ಪಕ್ಕ, ವ ಶ ಸ ಹಕ್ಕಿಂತ ಮೊದಲು ಕೂತಿದೆ. ಹಾಗಾಗಿ ಹೊಳೆಗದ್ದೆ ಮೇಲೆ, ಹೊಸಾಕುಳಿ ಕೆಳಗೆ ಬರ್ತದೆ, ನಿಘಂಟಿನ ಪ್ರಕಾರ ಉಲ್ಟಾ ಆಗ್ಬೇಕು. ಜನ ಇದನ್ನ ಗಮನಿಸ್ತಾರಾ ಅಂದ್ರೆ, ಪಟ್ಟಿ ಚಿಕ್ಕದಿದ್ರೆ ಇಲ್ಲ, ಕನ್ನಡ ಮೇಷ್ಟ್ರು ಗಿರಾಕಿ ಆಗಿದ್ರೆ ಖಂಡಿತ.

ಎಕ್ಸೆಲ್‌ನಿಂದ ಬಂದ ಹೆಸರನ್ನ ವಾಪಸ್ ಎನಮ್ ಮಾಡೂದು ಹೇಗೆ?

ಲೇಬಲ್ಲಿಂದ ವಾಪಸ್ ಬರೋ ದಾರಿ ಇಲ್ಲದೇ ಇರೋದೇ ಒಳ್ಳೇದು, ಸ್ಕ್ರೀನಲ್ಲಾದ್ರೆ ಡ್ರಾಪ್‌ಡೌನ್ ಸಾಲಿಗೆ ಕೋಡನ್ನೂ ಲೇಬಲ್ಲನ್ನೂ ಎರಡೂ ಕಟ್ಟಿಡಿ, ಆರಿಸಿದಾಗ ಕೋಡ್ ತಗೊಳ್ಳಿ. ಎಕ್ಸೆಲ್ ಆದ್ರೆ ವಿಧಿ ಇಲ್ಲ, ಹಿಂದೆ ಮುಂದಿನ ಸ್ಪೇಸ್ ತೆಗೆದು, ಬಿಳೆಗೋಟು ಬಿಳಿಗೋಟು ಎರಡನ್ನೂ ಒಪ್ಪೋ ಒಂದು ಪಟ್ಟಿ ಮಾಡ್ಕೊಳ್ಳಿ. ಎನಮ್ ಟ್ರೈಪಾರ್ಸ್ ನಂಬ್ಕೊಂಡು ಕೂರಬೇಡಿ, ಅದಕ್ಕೆ "57" ಅಂತ ಕೊಟ್ರೂ ಸರಿ ಅಂತ ಹೇಳ್ತದೆ, 57 ಎನಮ್ಮಲ್ಲಿ ಇಲ್ದಿದ್ರೂ. ಇಸ್‌ಡಿಫೈನ್ಡ್ ಅಂತ ಇನ್ನೊಂದು ಸಲ ಕೇಳ್ಬೇಕು.

ಎಪಿಐಯಲ್ಲಿ ಲೇಬಲ್ ಕಳಿಸ್ಬೇಕಾ?

ಎಪಿಐ ಅಂದ್ರೆ ನಿಮ್ಮ ಪ್ರೋಗ್ರಾಮ್ ಬೇರೆ ಪ್ರೋಗ್ರಾಮಿಗೆ ಡೇಟಾ ಕೊಡೋ ದಾರಿ. ಅದ್ರಲ್ಲಿ ಕೋಡ್ ಕಳಿಸಿ, ಲೇಬಲ್ ಆ ಕಡೆಯವ್ರು ಹಾಕ್ಕೊಳ್ಲಿ. ಡಾಟ್‌ನೆಟ್‌ನ ಸಿಸ್ಟಮ್ ಟೆಕ್ಸ್ಟ್ ಜೇಸನ್ ಸುಮ್ನೆ ಬಿಟ್ರೆ ನಂಬರ್ ಕಳಿಸ್ತದೆ, ಜೇಸನ್ ಸ್ಟ್ರಿಂಗ್ ಎನಮ್ ಕನ್ವರ್ಟರ್ ಸೇರ್ಸಿದ್ರೆ ಹೆಸರು ಹೋಗ್ತದೆ, ಹೆಸರೇ ಒಳ್ಳೇದು, 3 ಅಂದ್ರೆ ಎಂತ ಅಂತ ಮೊಬೈಲ್ ಆ್ಯಪ್ ಮಾಡೋ ಹುಡುಗ ನಿಮಗೆ ರಾತ್ರಿ ಫೋನ್ ಮಾಡೂದು ತಪ್ತದೆ.

ಒಂದೇ ವ್ಯಾಲ್ಯೂಗೆ ಊರೂರಿಗೆ ಬೇರೆ ಹೆಸರು ಇದ್ರೆ?

ಮೀನಿನವ್ರ ಪ್ರಶ್ನೆ ಇದು. ಬಂಗಡೆ ಎಲ್ಲಾ ಕಡೆ ಬಂಗಡೆ. ಆದ್ರೆ ಕಾರವಾರದಲ್ಲಿ ತಾರ್ಲೆ ಅಂದದ್ದು ಮಂಗಳೂರಲ್ಲಿ ಬೂತಾಯಿ, ಇಲ್ಲಿ ಇಸ್ವಾಣ, ಅಲ್ಲಿ ಅಂಜಲ್. ಎರಡೂ ಕಡೆ ಭಾಷೆ ಕೆಎನ್-ಐಎನ್ನೇ, ಭಾಷಾ ಕೋಡ್ ನೋಡಿ ಬೇರೆ ಮಾಡೂಕೆ ಆಗೂದಿಲ್ಲ. ಕೋಡಲ್ಲಿ ಜಗಳ ಇಲ್ಲದ ಹೆಸರು ಇಡಿ, ಮೀನಿಗೆ ಎಫ್‌ಎಒದ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಮೂರಕ್ಷರದ ಕೋಡ್ ಇದೆ, ಅದೇ ಬಳಸ್ಬಹುದು. ಲೇಬಲ್ಲಿಗೆ ಒಂದು ಸಾಮಾನ್ಯ ಪಟ್ಟಿ, ಅದ್ರ ಮೇಲೆ ಬಂದರಿನ ಪ್ರಕಾರ ಬದಲಾಗೋ ಹೆಸರು ಮಾತ್ರ ಇರೋ ಸಣ್ಣ ಪಟ್ಟಿ. ಮೊದಲು ಸಣ್ಣದ್ರಲ್ಲಿ ಹುಡುಕಿ, ಸಿಗ್ದಿದ್ರೆ ದೊಡ್ಡದ್ರಲ್ಲಿ. ಹುಡುಕೋ ಬಾಕ್ಸಲ್ಲಿ ಮಾತ್ರ ಎಲ್ಲ ಹೆಸರೂ ನಡೀಲಿ, ಯಾಂತ್ರಿಕ ದೋಣಿಯವ್ರು ಒಂದೇ ಊರಿನವ್ರಲ್ಲ.

ಎಸ್‌ಎಂಎಸ್ಸಿಗೆ, ಪ್ರಿಂಟಿಗೆ ಹೆಸರು ಉದ್ದ ಆಗ್ತದೆ, ಎಂತ ಮಾಡೂದು?

ಶಾರ್ಟ್ ಲೇಬಲ್ ಅಂತ ಇನ್ನೊಂದು ಇಡಿ. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಕ್ಯಾರೆಕ್ಟರ್ ಹಿಡೀತದೆ, ಕನ್ನಡ ಬಂದ ಕೂಡ್ಲೆ 70ಕ್ಕೆ ಇಳೀತದೆ. ಕೆಂಪುಗೋಟು ಕಣ್ಣಿಗೆ ನಾಲ್ಕಕ್ಷರ, ಎಸ್‌ಎಂಎಸ್ ಲೆಕ್ಕದಲ್ಲಿ 9, ಗುಣಿತ ಅನುಸ್ವಾರ ಎಲ್ಲ ಬೇರೆ ಬೇರೆ ಎಣಿಕೆ. ಸಬ್‌ಸ್ಟ್ರಿಂಗ್ ಮಾಡಿ ಕತ್ತರಿಸೂಕೆ ಹೋಗ್ಬೇಡಿ, ಅಕ್ಷರದ ಕೊಂಬು ಅರ್ಧಕ್ಕೆ ಹೋಗ್ತದೆ. ಥರ್ಮಲ್ ಪ್ರಿಂಟರ್ ಬಹಳಷ್ಟಕ್ಕೆ ಕನ್ನಡ ಫಾಂಟೇ ಇರೂದಿಲ್ಲ, ರಸೀದಿಯನ್ನ ಇಮೇಜ್ ಮಾಡಿ ಕಳಿಸ್ಬೇಕು.

ಹೊಸ ವ್ಯಾಲ್ಯೂ ಸೇರ್ಸಿ ಲೇಬಲ್ ಮರೆತ್ರೆ ಗೊತ್ತಾಗೂದು ಹೇಗೆ?

ಒಂದು ಯುನಿಟ್ ಟೆಸ್ಟ್, ಎಲ್ಲ ವ್ಯಾಲ್ಯೂ ಮೇಲೆ ಲೂಪ್, ಎರಡೂ ಭಾಷೆಯಲ್ಲಿ ಲೇಬಲ್ ಇದೆಯಾ, ಖಾಲಿ ಇಲ್ವಾ, ಒಂದೇ ಎನಮ್ಮಲ್ಲಿ ಇಬ್ಬರಿಗೆ ಒಂದೇ ಹೆಸರು ಇಲ್ವಾ ಅಂತ. ಜಾವಾದ ಸ್ವಿಚ್ ಎಕ್ಸ್‌ಪ್ರೆಶನಲ್ಲಿ ಡೀಫಾಲ್ಟ್ ಬರೀದೇ ಇದ್ರೆ ಬಿಟ್ಟುಹೋದ ಮೆಂಬರನ್ನ ಕಂಪೈಲರ್ರೇ ಹಿಡೀತದೆ, ಸಿ ಶಾರ್ಪ್ ಬರೀ ವಾರ್ನಿಂಗ್ ಕೊಡ್ತದೆ, ವಾರ್ನಿಂಗ್ ಯಾರು ಓದ್ತಾರೆ ಹೇಳಿ.

ಗಿರಾಕಿ ತಾನೇ ಹೊಸ ಹೆಸರು ಸೇರ್ಸ್ಬೇಕು ಅಂತಾನೆ, ಎನಮ್ಮಲ್ಲಿ ಹೇಗೆ?

ಹಾಗಂದ್ರೆ ಅದು ಎನಮ್ ಅಲ್ಲ, ಟೇಬಲ್. ಕೋಡಲ್ಲಿ "ಇದು ಚಾಲಿ ಆದ್ರೆ ಹೀಗೆ ಮಾಡು" ಅಂತ ಎಲ್ಲಾದ್ರೂ ಬರೆದಿದ್ದೀರಾ ನೋಡಿ, ಬರೆದಿದ್ರೆ ಎನಮ್, ಎಲ್ಲೂ ಬರೆದಿಲ್ಲ, ಬರೀ ಪಟ್ಟಿ ತೋರ್ಸೂದು ಅಷ್ಟೇ ಅಂದ್ರೆ ಮಾಸ್ಟರ್ ಟೇಬಲ್ ಮಾಡಿ ಕೋಡ್, ಕನ್ನಡ ಹೆಸರು, ಇಂಗ್ಲಿಷ್ ಹೆಸರು, ಕ್ರಮ ಅಂತ ಕಾಲಂ ಕೊಟ್ಟು ಗಿರಾಕಿ ಕೈಗೇ ಬಿಡಿ. ಡೇಟಾಬೇಸಿನ ಎನಮ್ ಟೈಪ್ ಬಳಸಿ ಮಧ್ಯದ ದಾರಿ ಹುಡುಕೋರಿಗೆ ಹೇಳೋದು, ಪೋಸ್ಟ್‌ಗ್ರೆಸ್ಸಲ್ಲಿ ಹೊಸದು ಸೇರ್ಸ್ಬಹುದು, 10ನೇ ವರ್ಶನ್ನಿಂದ ಹೆಸರೂ ಬದಲಿಸ್ಬಹುದು, ತೆಗೆಯೂಕೆ ಮಾತ್ರ ಬರೂದಿಲ್ಲ. ಮೈಎಸ್‌ಕ್ಯೂಎಲ್‌ನ ಎನಮ್ ಕಾಲಂ ಒಳಗೆ 1ರಿಂದ ನಂಬರ್ ಇಟ್ಕೊಂಡಿರ್ತದೆ, ಆರ್ಡರ್ ಬೈ ಹಾಕಿದ್ರೆ ಆ ನಂಬರ್ ಮೇಲೇ ಸಾರ್ಟ್ ಆಗ್ತದೆ, ಅಕ್ಷರದ ಮೇಲೆ ಅಲ್ಲ.